16ನೇ ನಂಬರ್ ಖಾಲಿಯಾದ ಮೇಲೆ

ನಮಸ್ಕಾರ. 2025ರ ಜುಲೈ 1, ಕೆನಡಾ ಡೇ. ಟೊರೊಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ ನಮ್ಮ ಬೀದಿ ತುಂಬಾ ಕೆಂಪು ಬಾವುಟ, ರಾತ್ರಿ ಪಟಾಕಿ. ನಮ್ಮನೇಲಿ ಮಾತ್ರ ಯಾರಿಗೂ ಉತ್ಸಾಹ ಇರಲಿಲ್ಲ. ನಮ್ಮ ಟೊರೊಂಟೊ ಐಸ್ ಹಾಕಿ ತಂಡದ ಮಿಚ್ ಮಾರ್ನರ್ ಊರು ಬಿಟ್ಟು ವೇಗಸ್ ತಂಡ ಸೇರಿದ್ದ. ಮಗಳು ಬೀರುವಿನಿಂದ ನೀಲಿ ಜರ್ಸಿ ತೆಗೆದು ಹಾಸಿಗೆ ಮೇಲೆ ಹರಡಿಕೊಂಡು ಕೂತಿದ್ದಳು. ಬೆನ್ನಿನ ಮೇಲೆ ಮಾರ್ನರ್ ಅಂತ ಹೆಸರು, ಕೆಳಗೆ 16. "ಅಪ್ಪಾ, ಇನ್ಮೇಲೆ ಇದನ್ನ ರಿಂಕಿಗೆ ಹಾಕ್ಕೊಂಡು ಹೋದ್ರೆ ಯಾರಾದ್ರೂ ಬೈತಾರಾ?" ಅಂದಳು. ಹತ್ತು ವರ್ಷದ ಮಗು. ನಾನು ಆವತ್ತು ಏನೂ ಹೇಳಲಿಲ್ಲ. ಎರಡು ತಿಂಗಳು ಯೋಚನೆ ಮಾಡಿದೀನಿ. ಇವತ್ತಿನ ಮಾತೆಲ್ಲ ಅವಳಿಗೆ ಕೊಡಬೇಕಾಗಿದ್ದ ಉತ್ತರ.

ಊರಿಂದ ಕೇಳ್ತಿರೋರಿಗೆ ಒಂದು ಮಾತು. ಇದು ನಮ್ಮ ಕೊಡಗಿನ ಮೈದಾನದ ಹಾಕಿ ಅಲ್ಲ, ಐಸ್ ಹಾಕಿ. ಮೈದಾನದ ಬದಲು ರಿಂಕ್ ಅನ್ನೋ ಐಸಿನ ಅಂಗಳ, ಚೆಂಡಿನ ಬದಲು ಪಕ್ ಅನ್ನೋ ರಬ್ಬರ್ ಬಿಲ್ಲೆ, ಒಂದು ಕಡೆಗೆ ಗೋಲ್ ಕೀಪರ್ ಸೇರಿ ಆರು ಜನ. ಎನ್‌ಎಚ್‌ಎಲ್ ಅನ್ನೋ ಲೀಗಿನಲ್ಲಿ ನಮ್ಮ ಊರಿನ ತಂಡ ಟೊರೊಂಟೊ ಮೇಪಲ್ ಲೀಫ್ಸ್. ಕೊನೇ ಸಲ ಲೀಗಿನ ಕಪ್, ಅಂದರೆ ಸ್ಟ್ಯಾನ್ಲಿ ಕಪ್, ಗೆದ್ದಿದ್ದು 1967ರಲ್ಲಿ. ಇಲ್ಲಿ ತಾತ, ಅಪ್ಪ, ಮಗ, ಮೂರು ತಲೆಮಾರು ಒಂದೇ ಸೋಫಾದಲ್ಲಿ ಕೂತು ಕಾಯ್ತಾ ಇದಾರೆ.

ಮಿಚ್ ಮಾರ್ನರ್ ಅಂಥ ಮನೆಗಳ ಹುಡುಗ. ಟೊರೊಂಟೊ ಪಕ್ಕದ ಮಾರ್ಕಮ್‌ನಲ್ಲಿ ಹುಟ್ಟಿದವನು. ತಂಡಗಳು ಸರದಿಯಂತೆ ಹೊಸ ಹುಡುಗರನ್ನ ಆರಿಸಿಕೊಳ್ಳೋ ಡ್ರಾಫ್ಟ್‌ನಲ್ಲಿ, 2015ರಲ್ಲಿ, 4ನೇ ಆಯ್ಕೆಯಾಗಿ ಲೀಫ್ಸ್ ಅವನನ್ನ ತಗೊಂಡಾಗ ಊರಿಗೆ ಊರೇ ನಮ್ಮ ಹುಡುಗ ಅಂದಿತ್ತು. ಒಂಬತ್ತು ಸೀಸನ್, 657 ಪಂದ್ಯ, ಗೋಲು ಮತ್ತು ಗೋಲಿಗೆ ಕೊಟ್ಟ ಪಾಸ್, ಅಂದರೆ ಅಸಿಸ್ಟ್, ಎರಡೂ ಸೇರಿ 741 ಪಾಯಿಂಟ್. ಅವನು ಹೊರಟಾಗ ತಂಡದ ಇಡೀ ಇತಿಹಾಸದಲ್ಲಿ ಅವನಿಗಿಂತ ಮೇಲೆ ಇದ್ದವರು ನಾಲ್ಕೇ ಜನ. ಕಳೆದ ಸೀಸನ್ನಲ್ಲಿ 27 ಗೋಲು, 75 ಅಸಿಸ್ಟ್, ಒಟ್ಟು 102. ಅದೂ ಬರೀ ಪಾಸ್ ಕೊಡೋ ಆಟಗಾರ ಅಲ್ಲ. ನಮ್ಮವರೊಬ್ಬರು ಪೆನಾಲ್ಟಿ ಬಾಕ್ಸ್‌ನಲ್ಲಿ ಕೂತಾಗ, ಒಬ್ಬ ಕಡಿಮೆ ಇಟ್ಟುಕೊಂಡು ತಡೀಬೇಕಲ್ಲ, ಆಗಲೂ ಕೋಚ್ ಕಳಿಸೋದು ಅವನನ್ನೇ. ಫೆಬ್ರವರಿಯಲ್ಲಿ ನಾಲ್ಕು ದೇಶಗಳ ಟೂರ್ನಿ, ಫೋರ್ ನೇಷನ್ಸ್, ಅದರ ಫೈನಲ್, ಅಮೆರಿಕದ ಮೇಲೆ ಓವರ್‌ಟೈಮ್. ಕಾನರ್ ಮೆಕ್‌ಡೇವಿಡ್ ಗೋಲು ಹೊಡೆದ, ಇಡೀ ಕೆನಡಾ ಕುಣೀತು. ಆ ಪಕ್ ಅವನಿಗೆ ಕೊಟ್ಟಿದ್ದು ಮಾರ್ನರ್.

ಅದಾದ ಮೂರು ತಿಂಗಳಿಗೆ, ಮೇ 18ರಂದು, ನಮ್ಮದೇ ರಿಂಕಿನಲ್ಲಿ ಫ್ಲಾರಿಡಾ ಪ್ಯಾಂಥರ್ಸ್ ಮೇಲೆ ಪ್ಲೇಆಫ್ ಸರಣಿಯ ಏಳನೇ, ಕೊನೇ ಪಂದ್ಯ ಸೋತ್ವಿ, 6-1. ಸರಣಿಯಲ್ಲಿ 2-0 ಮುಂದಿದ್ದ ತಂಡ ಸೋತಿದ್ದು ಹಾಗೆ. ಜನ ಮೈಮೇಲಿದ್ದ ಜರ್ಸಿ ಬಿಚ್ಚಿ ಐಸ್ ಮೇಲೆ ಎಸೆದರು. ನಾನು ಟಿವಿ ಮುಂದೆ ಕೂತಿದ್ದೆ. ಎಸೆದವರ ಸಿಟ್ಟು ನನಗೆ ಅರ್ಥವಾಯ್ತು, ಆದರೆ ಆ ಬಟ್ಟೆ ಐಸ್ ಮೇಲೆ ಬಿದ್ದಿದ್ದನ್ನ ನೋಡೋಕೆ ಆಗಲಿಲ್ಲ. ಮಾರ್ನರ್ ಇದ್ದ ಕಾಲದಲ್ಲಿ ಏಳನೇ ಪಂದ್ಯದವರೆಗೂ ಹೋದ ಸರಣಿ ಒಟ್ಟು ಆರು, ಒಂದನ್ನೂ ಗೆದ್ದಿಲ್ಲ. 2018, 2019, 2021, 2022, 2024, ಈಗ 2025. ನನ್ನ ಎದೆಯಲ್ಲಿ ಕೆತ್ತಿಟ್ಟ ವರ್ಷಗಳು ಇವು.

ಆರು ವಾರಕ್ಕೆ ಮಾರ್ನರ್ ವೇಗಸ್ ಗೋಲ್ಡನ್ ನೈಟ್ಸ್ ಸೇರಿದ. 8 ವರ್ಷ, 9.6 ಕೋಟಿ ಡಾಲರ್. ಆ ದಿನದಿಂದ ಒಂದೇ ಕೂಗು: ದ್ರೋಹಿ. ದುಡ್ಡಿಗೆ ಬಿದ್ದ, ಹುಟ್ಟಿದ ಊರು ಬಿಟ್ಟು ಓಡಿದ.

ನಾನು ಇದನ್ನ ಒಪ್ಪಲ್ಲ. ನನ್ನ ಊರು ಅರಕಲಗೂಡು. ಓದು ಮುಗಿಸಿ ಬೆಂಗಳೂರು, ಅಲ್ಲಿಂದ ಇಲ್ಲಿ. ಹನ್ನೊಂದು ವರ್ಷ ಆಯ್ತು. ಹೊರಡೋ ದಿನ ಅಪ್ಪ ಬಸ್ ಸ್ಟ್ಯಾಂಡಿನವರೆಗೂ ಬಂದು, ಬ್ಯಾಗ್ ಎತ್ತಿ ಮೇಲಿಟ್ಟು, "ಹೋಗ್ಬಾ ಮಗನೇ" ಅಂದರು. ಹೋಗು ಅನ್ನಲಿಲ್ಲ, ಹೋಗಿ ಬಾ ಅಂದರು. ಒಳ್ಳೇ ಸಂಬಳ, ಹೆಂಡತಿ ಮಕ್ಕಳಿಗೆ ನೆಮ್ಮದಿ, ಇದಕ್ಕೋಸ್ಕರ ನಾವೆಲ್ಲ ಊರು ಬಿಟ್ಟೋರೇ. ಇದನ್ನ ಕೇಳ್ತಿರೋರಲ್ಲಿ ಅರ್ಧ ಜನ ಹಾಗೇ ಬಂದವರು. ನಾವು ಬಂದರೆ ಬದುಕು ಕಟ್ಟಿಕೊಂಡ ಹಾಗೆ, 28 ವರ್ಷದ ಹುಡುಗ ಹೊರಟರೆ ದ್ರೋಹವಾ? ಆರು ವರ್ಷಕ್ಕೆ ಸಹಿ ಹಾಕಿದ್ದ, ಆರು ವರ್ಷವೂ ಆಡಿದ. ಕರಾರು ಮುಗೀತು, ಹೊರಟ. ನೆವಾಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಒಂಟಾರಿಯೊದಲ್ಲಿ ಅಷ್ಟು ಸಂಬಳಕ್ಕೆ ಮೇಲಿನ ಹಂತದಲ್ಲಿ ಅರ್ಧಕ್ಕಿಂತ ಜಾಸ್ತಿ ತೆರಿಗೆ. ಅದೂ ಲೆಕ್ಕಕ್ಕೆ ಬಂದಿರುತ್ತೆ. ಬರಬಾರದು ಅನ್ನೋಕೆ ನಾನ್ಯಾರು?

ನನ್ನ ಸಿಟ್ಟು ಇರೋದು ಬೇರೆ ಕಡೆ. 102 ಪಾಯಿಂಟ್ ಹೊಡೆಯೋ ಆಟಗಾರ ಕೈ ಬಿಟ್ಟು ಹೋಗುವಾಗ ನಮ್ಮ ತಂಡದ ಕೈಯಲ್ಲಿ ಏನೂ ಇರಲಿಲ್ಲವಲ್ಲ, ಅದರ ಮೇಲೆ. ನಿಯಮ ಹೀಗಿತ್ತು: ಆಟಗಾರನಿಗೆ 8 ವರ್ಷದ ಕರಾರು ಕೊಡೋಕೆ ಅವನ ಹಾಲಿ ತಂಡಕ್ಕೆ ಮಾತ್ರ ಹಕ್ಕು, ಹೊರಗಿನವರು 7ಕ್ಕಿಂತ ಹೆಚ್ಚು ಕೊಡೋ ಹಾಗಿಲ್ಲ. ವೇಗಸ್‌ಗೆ ಆ ಎಂಟನೇ ವರ್ಷ ಬೇಕಿತ್ತು, ಅದಕ್ಕೇ ಲೀಫ್ಸೇ ಅವನಿಂದ ಸಹಿ ಹಾಕಿಸಿ ವೇಗಸ್‌ಗೆ ಕಳಿಸಿಕೊಟ್ಟರು. ಆ ಒಂದು ವರ್ಷದ ಬೆಲೆಗೆ ನಮಗೆ ಬಂದವನು ನಿಕೊಲಾ ರುವಾ. ಬರಿಗೈಲಿ ಇರೋದಕ್ಕಿಂತ ಮೇಲು, ನಿಜ. ಮಾರ್ನರ್‌ಗೆ ಅದು ಬೆಲೆಯಾ?

ಗಟ್ಟಿ ಬೆಲೆ ಸಿಗೋ ಹೊತ್ತು ಒಂದಿತ್ತು. 2023ರ ಜುಲೈ 1ರಿಂದ ಮಾರ್ನರ್ ಒಪ್ಪಿಗೆ ಇಲ್ಲದೆ ಅವನನ್ನ ಎಲ್ಲಿಗೂ ಕಳಿಸೋ ಹಾಗಿರಲಿಲ್ಲ, ಕರಾರಿನಲ್ಲೇ ಹಾಗೆ ಬರೆದಿತ್ತು. ಅದಕ್ಕೆ ಮೊದಲು ಅಳೆದು ತೂಗಿ ನಿರ್ಧಾರ ಮಾಡಬೇಕಿತ್ತು, ಇಟ್ಕೊಳ್ಳೋದಾ, ಒಳ್ಳೇ ಆಟಗಾರರನ್ನ ತಗೊಂಡು ಬಿಡೋದಾ ಅಂತ. ಆ ಮೇ ತಿಂಗಳಲ್ಲೇ ಹಳೇ ಮ್ಯಾನೇಜರ್ ಕೈಲ್ ಡ್ಯೂಬಸ್ ಹೋದರು, ಬ್ರ್ಯಾಡ್ ಟ್ರೆಲಿವಿಂಗ್ ಬಂದರು. ಹೊಸಬರ ಕೈಗೆ ಸಿಕ್ಕಿದ್ದು ಒಂದೇ ತಿಂಗಳು, ಹಾಗಾಗಿ ಅವರನ್ನ ಪೂರ್ತಿ ದೂರೋಕೆ ನನಗೆ ಮನಸ್ಸು ಬರಲ್ಲ. ಆದರೆ ಮೇಲೆ ಅಧ್ಯಕ್ಷರಾಗಿ ಬ್ರೆಂಡನ್ ಶಾನಹಾನ್ 2014ರಿಂದ ಕೂತಿದ್ದರು. ಆ ಅವಕಾಶ ಮುಗಿಯೋ ದಿನಾಂಕ ಅವರಿಗೆ ಗೊತ್ತಿತ್ತು. ಈ ಮಾರ್ಚ್‌ನಲ್ಲಿ ಕೆರೊಲಿನಾದ ಮಿಕ್ಕೊ ರಾಂಟನೆನ್ ಜತೆ ಅದಲುಬದಲಿನ ಮಾತು ಬಂದಾಗ ಮಾರ್ನರ್ ಒಪ್ಪಲಿಲ್ಲ ಅಂತ ಇಲ್ಲಿನ ವರದಿಗಾರರು ಬರೆದರು. ಒಪ್ಪದಿರೋ ಹಕ್ಕನ್ನ ಬರೆದುಕೊಟ್ಟಿದ್ದು ತಂಡವೇ ಅಲ್ವಾ?

ಈಗ ಬಂದವರ ಲೆಕ್ಕ. ಇದಕ್ಕೆ ಮೊದಲು ಸ್ಯಾಲರಿ ಕ್ಯಾಪ್ ಗೊತ್ತಿರಬೇಕು. ಐಪಿಎಲ್ ಹರಾಜಿನ ಪರ್ಸ್ ಇದ್ದ ಹಾಗೇ ಅದು. 2024-25ರಲ್ಲಿ ತಂಡಕ್ಕೆ 8.8 ಕೋಟಿ ಡಾಲರ್ ಮಿತಿ, 2025-26ಕ್ಕೆ 9.55 ಕೋಟಿ. ಲೀಫ್ಸ್ ವರ್ಷಗಟ್ಟಲೆ ಇದರಲ್ಲಿ ಅರ್ಧದಷ್ಟು ದುಡ್ಡನ್ನ ನಾಲ್ಕೇ ಜನಕ್ಕೆ ಸುರೀತು: ಆಸ್ಟನ್ ಮ್ಯಾಥ್ಯೂಸ್, ಮಾರ್ನರ್, ನೈಲಾಂಡರ್, ತವಾರೆಸ್. ಉಳಿದ ಹದಿನೆಂಟು ಇಪ್ಪತ್ತು ಜನಕ್ಕೆ ಚೂರುಪಾರು. ಲೀಗ್ ಹಂತದಲ್ಲಿ ಈ ನಾಲ್ವರು ಸಾಕಾಗ್ತಿದ್ದರು. ಪ್ಲೇಆಫ್‌ನಲ್ಲಿ ಎದುರಾಳಿ ಇವರನ್ನ ಕಟ್ಟಿಹಾಕಿದ ಮೇಲೆ ಅವರ ನಂತರ ಸರದಿಯಲ್ಲಿ ಇಳಿಯೋ ಮೂರನೇ, ನಾಲ್ಕನೇ ಸಾಲಿನ ಆಟಗಾರರಿಂದ ಗೋಲೇ ಬರ್ತಿರಲಿಲ್ಲ. ಫ್ಲಾರಿಡಾ ನಮ್ಮನ್ನ ಸೋಲಿಸಿದ್ದು ಮೂರನೇ ಸಾಲಿನ ಬಲದಿಂದ. ಅದನ್ನ ಕಣ್ಣಾರೆ ನೋಡಿದ್ವಿ.

ಈ ವಿಷಯದಲ್ಲಿ ಕನ್ನಡಿಗರಿಗೆ ಬೇರೆ ಉದಾಹರಣೆ ಬೇಕಾಗಿಲ್ಲ. ನಮ್ಮ ಆರ್‌ಸಿಬಿ ವರ್ಷಾನುಗಟ್ಟಲೆ ಎರಡು ಮೂರು ದೊಡ್ಡ ಹೆಸರಿನ ಮೇಲೆ ಭಾರ ಹಾಕಿ ಕೂತಿತ್ತು. ಕಳೆದ ನವೆಂಬರಿನ ಹರಾಜಿನಲ್ಲಿ ಸಿರಾಜ್‌ನ ಬಿಟ್ಟರು, ಮ್ಯಾಕ್ಸ್‌ವೆಲ್‌ನ ಬಿಟ್ಟರು, ನಮ್ಮೂರ ಹುಡುಗ ರಾಹುಲ್‌ನ ತಗೊಳ್ಳಲೇ ಇಲ್ಲ. ನಾನೂ ಕೂಗಾಡಿದ್ದೆ. ಆ ದುಡ್ಡನ್ನ ಹೇಜಲ್‌ವುಡ್, ಸಾಲ್ಟ್, ಜಿತೇಶ್, ಭುವನೇಶ್ವರ್, ಕೃಣಾಲ್ ಅಂತ ಹಂಚಿದರು. ಜೂನ್ 3ರ ಫೈನಲ್‌ನಲ್ಲಿ ಪಂದ್ಯಶ್ರೇಷ್ಠ ಯಾರು? 5.75 ಕೋಟಿಗೆ ಬಂದ ಕೃಣಾಲ್ ಪಾಂಡ್ಯ. ಹದಿನೆಂಟು ವರ್ಷ ಕಾದ ಕಪ್ ಬಂತು. ಮಾರನೇ ದಿನ ಚಿನ್ನಸ್ವಾಮಿ ಹತ್ತಿರ 11 ಜನ ಪ್ರಾಣ ಕಳ್ಕೊಂಡರು. ಆ ಗೆಲುವಿನ ಮಾತು ಎತ್ತಿದಾಗಲೆಲ್ಲ ಅವರ ನೆನಪೂ ಬರುತ್ತೆ, ಬರಬೇಕು.

ಲೀಫ್ಸ್ ಈ ಬೇಸಿಗೆಯಲ್ಲಿ ಆ ದಾರಿ ಹಿಡಿದಿದೆ ಅಂತ ನನಗನ್ನಿಸುತ್ತೆ. ರುವಾ ನಡುವೆ ಆಡೋ ಎತ್ತರದ ಸೆಂಟರ್, 2023ರಲ್ಲಿ ವೇಗಸ್ ಕಪ್ ಗೆದ್ದಾಗ ತಂಡದಲ್ಲಿದ್ದವನು, ವರ್ಷಕ್ಕೆ 30 ಲಕ್ಷ ಡಾಲರ್. ಯೂಟಾದಿಂದ ಬಂದ ಮಟಿಯಾಸ್ ಮಚ್ಚೆಲ್ಲಿ ಫಿನ್ಲೆಂಡಿನವನು, ಅಂಚಿನಲ್ಲಿ ಆಡೋ ವಿಂಗರ್, 34.25 ಲಕ್ಷ. ವ್ಯಾಂಕೂವರ್‌ನಿಂದ ಡಕೋಟಾ ಜೋಶುವಾ, 32.5 ಲಕ್ಷ. ಮೂವರನ್ನ ಕೂಡಿದರೂ 1 ಕೋಟಿ ದಾಟಲ್ಲ. ಮಾರ್ನರ್‌ನ ಹಳೇ ಸಂಬಳ ಒಂದೇ ಸುಮಾರು 1.09 ಕೋಟಿ ಇತ್ತು.

ಆದರೆ ಇನ್ನೊಂದು ಲೆಕ್ಕವನ್ನೂ ಮುಚ್ಚಿಡಬಾರದು. ಕಳೆದ ಸೀಸನ್ನಲ್ಲಿ ರುವಾ 31 ಪಾಯಿಂಟ್, ಮಚ್ಚೆಲ್ಲಿ 18, ಜೋಶುವಾ 14. ಒಟ್ಟು 63. ಮಾರ್ನರ್ ಒಬ್ಬನೇ 102. ಹೋದವನ ಜಾಗ ಈ ಮೂವರಿಂದ ತುಂಬುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಚ್ಚೆಲ್ಲಿ ಮೇಲೆ ನನಗೆ ಆಸೆ ಇದೆ. ಎರಡು ವರ್ಷದ ಹಿಂದೆ ಅರಿಜೋನಾದಲ್ಲಿ 57 ಪಾಯಿಂಟ್ ಮಾಡಿದ್ದ, ಪಾಸ್ ಕೊಡೋ ಕಣ್ಣು ಇದೆ. ಮೈಭಾರ ಕಡಿಮೆ. ಕ್ರೇಗ್ ಬೆರೂಬೆ ಥರದ ಕೋಚ್, ಗೋಡೆ ಪಕ್ಕ ನುಗ್ಗಿ ಪಕ್ ಕಿತ್ಕೊಳ್ಳಿ ಅನ್ನೋರು, ಇವನಿಗೆ ಎಷ್ಟು ದಿನ ತಾಳ್ಮೆ ತೋರಿಸ್ತಾರೋ ಅನ್ನೋದೇ ಯೋಚನೆ.

ಜೋಶುವಾ ಬಂದಿದ್ದಂತೂ ನನಗೆ ತುಂಬಾ ಸಂತೋಷ. 2014ರಲ್ಲಿ ಅವನನ್ನ ಡ್ರಾಫ್ಟ್ ಮಾಡಿದ್ದೇ ಲೀಫ್ಸ್. ನಮ್ಮ ಪರ ಒಂದು ಪಂದ್ಯವೂ ಆಡದೆ ಬೇರೆ ಕಡೆ ಹೋದ. ಕಳೆದ ಬೇಸಿಗೆಯಲ್ಲಿ ವೃಷಣದ ಕ್ಯಾನ್ಸರ್ ಅಂತ ಗೊತ್ತಾಗಿ ಆಪರೇಷನ್ ಆಯ್ತು, ತಾನೇ ಮುಂದೆ ಬಂದು ಹೇಳ್ಕೊಂಡ. ಅದೇ ಸೀಸನ್ನಲ್ಲಿ ವಾಪಸ್ ಬಂದು 57 ಪಂದ್ಯ ಆಡಿದ. ಅಂಥ ವರ್ಷದ 14 ಪಾಯಿಂಟನ್ನ ನಾನು ಅಂಕಿಯಾಗಿ ನೋಡಲ್ಲ. ಅದರ ಹಿಂದಿನ ಸೀಸನ್ನಲ್ಲಿ 18 ಗೋಲು ಹೊಡೆದವನು ಅವನು.

ಉಳಿದವರಲ್ಲಿ ಇಬ್ಬರ ಹೆಸರು ಹೇಳಲೇಬೇಕು. ಜಾನ್ ತವಾರೆಸ್, ನಮ್ಮ ಮಿಸ್ಸಿಸಾಗಾದಲ್ಲೇ ಹುಟ್ಟಿದವನು. 2018ರಲ್ಲಿ ಸೇರಿದಾಗ ಚಿಕ್ಕಂದಿನ ಒಂದು ಫೋಟೊ ಹಾಕಿದ್ದ, ಲೀಫ್ಸ್ ಹೊದಿಕೆ ಮೇಲೆ ಮಲಗಿರೋ ಹುಡುಗ. ವರ್ಷಕ್ಕೆ 1.1 ಕೋಟಿ ತಗೊಳ್ತಿದ್ದವನು ಈಗ 43.8 ಲಕ್ಷಕ್ಕೆ ನಾಲ್ಕು ವರ್ಷ ಉಳ್ಕೊಂಡ. ಅದೂ 38 ಗೋಲು ಹೊಡೆದ ಸೀಸನ್ ಮುಗಿಸಿ. ಆಚೆ ಹೋಗಿದ್ದರೆ ಇದಕ್ಕಿಂತ ಹೆಚ್ಚು ಕೊಡೋರು ಇದ್ದೇ ಇದ್ದರು. ಮ್ಯಾಥ್ಯೂ ನೈಸ್, 22 ವರ್ಷ, ವರ್ಷಕ್ಕೆ 77.5 ಲಕ್ಷದಂತೆ ಆರು ವರ್ಷ. ಗೋಲಿನ ಮುಂದೆ ಕಂಬದ ಹಾಗೆ ನಿಂತರೆ ಯಾರೂ ಅಲ್ಲಾಡಿಸೋಕಾಗಲ್ಲ. ಕಣ್ಣು ಮುಚ್ಚಿ ಮಾಡಬೇಕಾದ ಸಹಿ ಅದು. ರಯನ್ ರೀವ್ಸ್ ಸ್ಯಾನ್ ಹೋಸೆಗೆ ಹೋದ, ಹೋಮ್‌ಬರ್ಗ್ ಟ್ಯಾಂಪಾಗೆ ಹೋದ. ಅದರಲ್ಲಿ ನನಗೆ ತಕರಾರಿಲ್ಲ.

ತಕರಾರು ಇರೋದು ಮ್ಯಾಥ್ಯೂಸ್ ಬಲಗಡೆಯ ಜಾಗದ್ದು. ನಾಯಕ ಅವನು, 2023-24ರಲ್ಲಿ 69 ಗೋಲು ಹೊಡೆದವನು. ಕಳೆದ ವರ್ಷ ಗಾಯದಲ್ಲೇ ಆಡಿ 33ಕ್ಕೆ ನಿಂತ. ಅವನು ಎಲ್ಲಿಗೆ ಬರ್ತಾನೆ, ಯಾವಾಗ ಬರ್ತಾನೆ ಅಂತ ಮಾರ್ನರ್‌ಗೆ ನೋಡದೇ ಗೊತ್ತಾಗ್ತಿತ್ತು. ಈಗ ಆ ಪಕ್ ಯಾರು ಕೊಡ್ತಾರೆ? ಮಾರುಕಟ್ಟೆಯಲ್ಲಿದ್ದ ಏಲರ್ಸ್ ಕೆರೊಲಿನಾಗೆ ಹೋದ, ಬೇಸರ್ ವ್ಯಾಂಕೂವರ್‌ನಲ್ಲೇ ಉಳಿದ. ನಮ್ಮ ಕಡೆ ಮ್ಯಾಕ್ಸ್ ಡೋಮಿ ಹೆಸರು ಓಡ್ತಿದೆ. ಹುಡುಗನ ಕಿಚ್ಚು ನನಗಿಷ್ಟ, ಆದರೆ ಎಂಬತ್ತೆರಡು ಪಂದ್ಯದ ಪೂರ್ತಿ ಸೀಸನ್ನಿಗೆ ಆ ಜಾಗದಲ್ಲಿ ಅವನು ಸಾಲಲ್ಲ.

ನಾನು ಕೇಳೋದು ಈಸ್ಟನ್ ಕಾವನ್‌ಗೆ ಒಂದು ಅವಕಾಶ. ಇಪ್ಪತ್ತು ವರ್ಷ. 2023ರ ಡ್ರಾಫ್ಟ್‌ನಲ್ಲಿ 28ನೇ ಆಯ್ಕೆಯಾಗಿ ನಮ್ಮವರು ತಗೊಂಡವನು. ಈ ಜೂನ್ 1ರಂದು ನಮ್ಮ ಒಂಟಾರಿಯೊದ ಲಂಡನ್ ಊರಿನ ಜೂನಿಯರ್ ತಂಡ ಲಂಡನ್ ನೈಟ್ಸ್ ಮೆಮೋರಿಯಲ್ ಕಪ್ ಗೆದ್ದಾಗ ಟೂರ್ನಿಯ ಅತ್ಯುತ್ತಮ ಆಟಗಾರ ಅವನು. ಒಂಬತ್ತು ವರ್ಷದ ಹಿಂದೆ, 2016ರಲ್ಲಿ, ಅದೇ ಲಂಡನ್ ತಂಡಕ್ಕೆ ಅದೇ ಕಪ್ ಗೆದ್ದುಕೊಟ್ಟು ಅದೇ ಪ್ರಶಸ್ತಿ ತಗೊಂಡಿದ್ದವನು ಮಿಚ್ ಮಾರ್ನರ್. ಕಾವನ್ ಇನ್ನೊಬ್ಬ ಮಾರ್ನರ್ ಆಗಬೇಕು ಅಂತ ನಾನು ಹೇಳ್ತಿಲ್ಲ, ಆ ಹೊರೆ ಯಾವ ಮಗುವಿನ ಮೇಲೂ ಹಾಕಬಾರದು. ಸೆಪ್ಟೆಂಬರ್ ಕ್ಯಾಂಪ್‌ನಲ್ಲಿ ಮ್ಯಾಥ್ಯೂಸ್ ಮತ್ತು ನೈಸ್ ಪಕ್ಕ ನಿಲ್ಲಿಸಿ ನೋಡಿ. ತಪ್ಪು ಮಾಡಿದರೆ ಮೂರೇ ಪಂದ್ಯಕ್ಕೆ ಕೆಳಗಿಳಿಸಬೇಡಿ, ಕೋಚ್ ಸಾಹೇಬರಲ್ಲಿ ನನ್ನ ಬೇಡಿಕೆ ಇಷ್ಟೇ.

2025ರ ಅಕ್ಟೋಬರ್ 8ಕ್ಕೆ ಮಾಂಟ್ರಿಯಲ್ ಮೇಲೆ ಮೊದಲ ಪಂದ್ಯ, ನಮ್ಮ ರಿಂಕಿನಲ್ಲೇ. 2026ರ ಜನವರಿ 23ಕ್ಕೆ ವೇಗಸ್ ತಂಡ ಇಲ್ಲಿಗೆ ಬರುತ್ತೆ. ಅವತ್ತು ಬೂ ಅನ್ನೋಕೆ ಈಗಿನಿಂದಲೇ ಜನ ಟಿಕೆಟ್ ಹುಡುಕ್ತಿದಾರೆ. ನಾನೂ ಹುಡುಕ್ತಿದೀನಿ, ಎರಡು. ಒಂದು ನನಗೆ, ಒಂದು ಮಗಳಿಗೆ. ಪಂದ್ಯದ ಅರವತ್ತು ನಿಮಿಷ ಅವನು ಎದುರಾಳಿ, ಒಂದು ಪಾಸೂ ಸರಿಹೋಗದಿರಲಿ ಅಂತಲೇ ಬೇಡ್ಕೊಳ್ತೀನಿ. ಅದಕ್ಕೆ ಮೊದಲು, ಅವನು ಐಸ್ ಮೇಲೆ ಕಾಲಿಟ್ಟಾಗ, ನಾವಿಬ್ಬರೂ ಎದ್ದು ನಿಂತು ಚಪ್ಪಾಳೆ ಹೊಡೀತೀವಿ. ಪುಟ್ಟಿ, ಆ ಜರ್ಸಿ ಹಾಕ್ಕೊಂಡೇ ಬಾ. ಅಕ್ಕಪಕ್ಕದವರು ಏನಾದರೂ ಅಂದರೆ ನಾನು ಮಾತಾಡ್ತೀನಿ.