ಅವಳ ಭೇಟಿಗೆ ಹೋಗಿ

ಕೇಳುಗರೆಲ್ಲರಿಗೂ ನಮಸ್ಕಾರ. ಈ ಹೊತ್ತಿನಲ್ಲಿ ನನ್ನ ಮಾತು ಕೇಳುತ್ತಿರುವ ಕೆಲವು ಮನೆಗಳ ಹೆಣ್ಣುಮಗಳು ಕಲಬುರಗಿಯ ಕೇಂದ್ರ ಕಾರಾಗೃಹದಲ್ಲೋ ಬೇರೊಂದು ಊರಿನ ಜೈಲಿನಲ್ಲೋ ಇದ್ದಾಳೆ. ನಾನು ಮಾತನಾಡುತ್ತಿರುವುದು ಆ ಮನೆಯವರೊಂದಿಗೆ. ಹೇಳುವುದು ಒಂದೇ: ಅವಳ ಭೇಟಿಗೆ ಹೋಗಿ.

ಗಂಡಸು ಜೈಲು ಸೇರಿದರೆ ಹೆಂಡತಿ ಬೆಳಗಿನ ಮೊದಲ ಬಸ್ಸು ಹಿಡಿಯುತ್ತಾಳೆ, ವಕೀಲರಿಗಾಗಿ ಕೊರಳಿನ ಬಂಗಾರ ಅಡವಿಡುತ್ತಾಳೆ. ಹೆಂಗಸು ಜೈಲು ಸೇರಿದರೆ ಗಂಡನ ಮನೆಯಲ್ಲಿ ಅವಳ ಹೆಸರನ್ನೇ ಎತ್ತುವುದಿಲ್ಲ. ತವರಿನವರು ಮಂದಿ ಏನೆಂದಾರು ಎಂದು ಕೂರುತ್ತಾರೆ. ನಮ್ಮ ದೇಶದ ಕೈದಿಗಳಲ್ಲಿ ನೂರಕ್ಕೆ ನಾಲ್ವರಷ್ಟೇ ಮಹಿಳೆಯರು. ಕೈದಿಗಳಲ್ಲಿ ಮುಕ್ಕಾಲು ಪಾಲು ಜನ ವಿಚಾರಣಾಧೀನರು. ಅಪರಾಧ ಇನ್ನೂ ಸಾಬೀತಾಗಿಲ್ಲ. ನ್ಯಾಯಾಧೀಶರು ತೀರ್ಪು ಕೊಡುವ ಮೊದಲೇ ಮನೆಯವರು ಕೊಟ್ಟುಬಿಟ್ಟಿರುತ್ತಾರೆ.

ಆಪ್ತ ಸಮಾಲೋಚಕಿಯಾಗಿ ಮಹಿಳಾ ವಿಭಾಗಕ್ಕೆ ಹೋದಾಗ ಯಾರೂ ನನ್ನೆದುರು ದುಃಖ ಎಂಬ ಮಾತಿನಿಂದ ಶುರು ಮಾಡುವುದಿಲ್ಲ. ತಲೆ ಸಿಡಿಯುತ್ತದೆ, ನಿದ್ದೆ ಹತ್ತುವುದಿಲ್ಲ, ಊಟ ಸೇರುವುದಿಲ್ಲ ಎನ್ನುತ್ತಾರೆ. ಒಂದು ಬಕೆಟ್ ನೀರಿಗಾಗಿ ಜಗಳವಾಡಿ, ಸಂಜೆ ಅದೇ ಹೆಂಗಸಿನ ತಲೆಗೆ ಎಣ್ಣೆ ಹಚ್ಚುತ್ತಾರೆ. ಮುಲಾಖತ್ತಿನ ದಿನ, ಅಂದರೆ ಮನೆಯವರ ಭೇಟಿಯ ದಿನ, ಹೆಸರು ಕೂಗುವ ಹೊತ್ತಿಗೆ ಕೆಲವರು ಬಟ್ಟೆ ಒಗೆಯಲು ಎದ್ದು ಹೋಗುತ್ತಾರೆ. ತಮ್ಮ ಹೆಸರು ಬರುವುದಿಲ್ಲವೆಂದು ಅವರಿಗೆ ಗೊತ್ತು.

ಹಾಗೆ ಎದ್ದು ಹೋಗುತ್ತಿದ್ದ ಒಬ್ಬಳ ವಿಷಯ ಹೇಳಲೇಬೇಕು. ಊರು, ಹೆಸರು ಬೇಡ. ತೊಗರಿ ಬೆಳೆಯುವ ಮನೆಯವಳು. ಬಂದಂದಿನಿಂದ ಕಣ್ಣೀರು ಹಾಕಿರಲಿಲ್ಲ. ಗಟ್ಟಿ ಹೆಂಗಸು ಎಂದು ಉಳಿದವರು ಹೇಳುತ್ತಿದ್ದರು. ನನ್ನ ಹತ್ತಿರವೂ ಮಕ್ಕಳ ಮಾತಿಲ್ಲ, ಕೇಸಿನ ಮಾತಿಲ್ಲ. ಹೊರಗೆ ಮಳೆ ಹೇಗಿದೆ, ತೊಗರಿ ಹೂ ಹಿಡಿಯಿತೇ, ಹುಳ ಬಿದ್ದಿದೆಯೇ, ಇಷ್ಟೇ. ತಲೆನೋವಿಗೆ ಮಾತ್ರೆ ನುಂಗುತ್ತಲೇ ಇದ್ದಳು. ಸುಗ್ಗಿ ಮುಗಿದ ಮೇಲೆ ಅವಳ ತಮ್ಮ ಕಲಬುರಗಿಯ ಎಪಿಎಂಸಿಗೆ ತೊಗರಿ ತಂದವನು ಜೈಲಿನ ಬಾಗಿಲಿಗೂ ಬಂದ. ಹೆಸರು ಕೂಗಿದಾಗ ಅವಳು ಕೇಳಿಸಿಕೊಳ್ಳಲೇ ಇಲ್ಲ. ಪಕ್ಕದವಳು ಕೈ ಹಿಡಿದು ಎಬ್ಬಿಸಿದಳು. ತಮ್ಮ ಏನು ಮಾತನಾಡಿದ? ಕ್ವಿಂಟಲಿಗೆ ಎಷ್ಟು ಸಿಕ್ಕಿತು, ಎಮ್ಮೆ ಯಾವಾಗ ಈದಿತು, ಅವ್ವನ ಮೊಣಕಾಲು ಹೇಗಿದೆ. ಹೊರಡುವಾಗ “ಅಕ್ಕಾ, ಸೀರೆ ತಂದಿದ್ದೇನೆ, ಅವ್ವ ಕೊಟ್ಟಳು” ಎಂದನಂತೆ. ಆ ರಾತ್ರಿ ಅವಳು ಅತ್ತಳು, ಬ್ಯಾರಕ್ಕಿನವರೆಲ್ಲ ಎದ್ದು ಕೂರುವಷ್ಟು. ಮಾರನೆಯ ವಾರ ನನ್ನನ್ನು ಕಂಡವಳೇ ಕೇಳಿದ್ದು: “ಮೇಡಂ, ಜಾಮೀನಿಗೆ ತಮ್ಮನ ಪಹಣಿ ನಡೆಯುತ್ತದೆಯೇ?” ಅಲ್ಲಿಯವರೆಗೆ ಆಕೆ ಬಿಡುಗಡೆಯ ಮಾತನ್ನೇ ಆಡಿರಲಿಲ್ಲ. ಯಾರ ಮನೆಗೆ ಹೋಗಬೇಕಿತ್ತು? ತಲೆನೋವು ಪೂರ್ತಿ ಹೋಗಲಿಲ್ಲ, ಆದರೆ ಮಾತ್ರೆ ಕೇಳುವುದು ಕಡಿಮೆಯಾಯಿತು. ನಾನು ಎಷ್ಟು ಮಾತನಾಡಿಸಿದರೂ ಆಗದ್ದನ್ನು ಎಮ್ಮೆ ಈದ ಸುದ್ದಿ ಮಾಡಿತು. ಅದಕ್ಕೇ ಹೇಳುತ್ತಿದ್ದೇನೆ, ಹೋಗಿ. ಏನು ಮಾತನಾಡುವುದು ಎಂದು ಯೋಚಿಸುತ್ತ ಮನೆಯಲ್ಲೇ ಉಳಿಯಬೇಡಿ.

ಸಮಯ ಕಡಿಮೆ ಇದೆ, ಮಕ್ಕಳ ವಿಷಯಕ್ಕೆ ಬರುತ್ತೇನೆ. ಆರು ವರ್ಷದವರೆಗಿನ ಮಗುವನ್ನು ತಾಯಿ ಜೈಲಿನಲ್ಲಿ ಜೊತೆಗಿಟ್ಟುಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ದೊಡ್ಡ ಮಕ್ಕಳಿಗೆ ನೀವು ಏನು ಹೇಳುತ್ತೀರಿ? ಅವ್ವ ಪುಣೆಗೆ ದುಡಿಯಲು ಹೋಗಿದ್ದಾಳೆ ಎನ್ನುತ್ತೀರಿ. ಒಂದು ಫೋನೂ ಮಾಡದ ಅವ್ವ ತನ್ನನ್ನು ಬಿಟ್ಟೇ ಹೋದಳೆಂದು ಆ ಮಗು ತಿಳಿಯುತ್ತದೆ. ಒಳಗಿರುವ ತಾಯಿಯನ್ನು ರಾತ್ರಿಯಿಡೀ ತಿನ್ನುವುದು ಈ ಭಯವೇ. ದಯವಿಟ್ಟು ಈ ಸುಳ್ಳು ನಿಲ್ಲಿಸಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.

ಗೌರವದ ಮಾತು ಎತ್ತುವ ಹಿರಿಯರಿಗೆ ನನ್ನದೊಂದು ಪ್ರಶ್ನೆ: ಮಗ ಜೈಲಿಗೆ ಹೋದಾಗ ಈ ಗೌರವ ಎಲ್ಲಿತ್ತು?

ದುಡ್ಡಿಲ್ಲ ಎನ್ನುವವರು ಬರೆದುಕೊಳ್ಳಿ. ಮಹಿಳೆಯರಿಗೂ ಬಂಧನದಲ್ಲಿರುವವರಿಗೂ ಸರ್ಕಾರಿ ವೆಚ್ಚದಲ್ಲಿ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಇದು ಅವಳ ಮೊದಲ ಪ್ರಕರಣವಾಗಿದ್ದು, ಆರೋಪ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯದ್ದಲ್ಲದಿದ್ದರೆ, ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದವಳ ಬಿಡುಗಡೆಗೆ ಅಪರಾಧ ಪ್ರಕರಣ ನಡೆಸುವ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ದಾರಿಯಿದೆ, ವಕೀಲರನ್ನು ಕೇಳಿ. ಹೊರಬಂದ ಮೇಲೂ ನಿದ್ದೆ ಬಾರದೆ ನರಳಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ, 14416.

ಭೇಟಿಯ ದಿನ, ವೇಳೆಯನ್ನು ಜೈಲಿನಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಆಧಾರ್ ಕಾರ್ಡ್ ಮರೆಯಬೇಡಿ. ಈ ವಾರವೇ ಹೋಗಿ. ನಮಸ್ಕಾರ.