ಕುದುರೆ ರಗ್‌ಗೆ ಸೋಪಿನ ಪುಡಿ ಯಾಕೆ?

ನಮಸ್ಕಾರ. ಇವತ್ತು ಸ್ವಲ್ಪ ಜಗಳ ಆಡೋಣ ಅಂತ ಬಂದಿದ್ದೇನೆ. ವಿಷಯ ಕುದುರೆಯ ಹೊದಿಕೆ. ಲಾಯದಲ್ಲಿ ಎಲ್ಲರೂ ರಗ್ ಅನ್ನುತ್ತಾರೆ.

ಬೆಂಗಳೂರಿನ ಹೊರಗೆ ನಾನು ಸವಾರಿ ಕಲಿಯುವ ಕಡೆ ಮಳೆಗೆ ಹೊದಿಸುವ ರಗ್ ಒಂದಿತ್ತು. ವಾಸನೆ ಬರುತ್ತಿದೆ ಅಂತ ನಾನೇ ಮನೆಗೆ ಹೊತ್ತು ತಂದೆ. ಬಿಸಿನೀರು, ಎರಡು ಹಿಡಿ ಸೋಪಿನ ಪುಡಿ, ಘಮ್ಮೆನ್ನಲಿ ಅಂತ ಕಂಡೀಷನರ್ ಬೇರೆ! ವಾಷಿಂಗ್ ಮೆಷಿನ್ ಫಿಲ್ಟರ್ ತುಂಬಾ ಕುದುರೆ ಕೂದಲು. ಅಮ್ಮನ ಹತ್ತಿರ ಬೈಸಿಕೊಂಡೆ. ಅದು ಹೋಗಲಿ. ಮುಂದಿನ ಮಳೆಯಲ್ಲಿ ರಗ್ ಕೆಳಗೆ ಕೈ ಹಾಕಿ ನೋಡಿದರೆ ಕುದುರೆಯ ಬೆನ್ನು ತೊಯ್ದು ತೊಪ್ಪೆ. ನೀರು ತಡೆಯುವ ಲೇಪವನ್ನು ಬಿಸಿನೀರು ಕೆಡಿಸುತ್ತದೆ. ಸೋಪು ಉಳಿದುಕೊಂಡರೆ ಬಟ್ಟೆ ನೀರು ಕುಡಿಯುತ್ತದೆ. ಆಮೇಲೆ ನೀರು ತಡೆಯುವ ಸ್ಪ್ರೇ ಹೊಡೆದರೂ ಅದು ಸರಿಹೋಗಲಿಲ್ಲ.

ಒಗೆಯುವುದೇ ಆರೈಕೆ ಅಂದುಕೊಂಡಿದ್ದೇವೆ, ಅಲ್ವಾ? ನನ್ನ ಪ್ರಕಾರ ದಿನಾ ಬ್ರಷ್ ಹಾಕುವುದೇ ಆರೈಕೆ. ಮಣ್ಣು ಹಸಿ ಇದ್ದರೆ ಒಣಗಲು ಬಿಡಿ. ಆಮೇಲೆ ರಗ್ಗನ್ನು ಒಳಮೈ ಮೇಲಾಗಿ ಕಂಬಿಗೆ ಹಾಕಿ, ಗಟ್ಟಿ ಬ್ರಷ್‌ನಿಂದ ಉಜ್ಜಿ. ಕತ್ತು ಬೆನ್ನಿಗೆ ಸೇರುವ ಜಾಗದಲ್ಲಿ ಬೆವರು, ಎಣ್ಣೆ, ಕೂದಲು ಸೇರಿ ಚಪ್ಪಟೆ ಗಂಟು ಕಟ್ಟಿರುತ್ತದೆ. ಅದೇ ಚರ್ಮ ಉಜ್ಜಿ ಗಾಯ ಮಾಡುವುದು. ಅದನ್ನು ಬಿಡಿಸದೆ ನೀರಿಗೆ ಹಾಕಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಒಗೆಯಲೇಬೇಕಾ? ಸೀಸನ್ ಮುಗಿದ ಮೇಲೆ ಒಂದು ಸಲ ಸಾಕು. ತಣ್ಣೀರು, ರಗ್‌ಗೆಂದೇ ಬರುವ ಲಿಕ್ವಿಡ್, ನೆರಳು. ಹಿಂಡಬೇಡಿ. ಪೂರ್ತಿ ಒಣಗಿಸದೆ ಮಡಚಿಟ್ಟರೆ ಬೂಷ್ಟು ಗ್ಯಾರಂಟಿ.

ಇನ್ನು ನನ್ನ ನಿಜವಾದ ಸಿಟ್ಟು. ಒಂದೇ ರಗ್ ನಾಲ್ಕು ಕುದುರೆಗೆ! ಗಜಕರ್ಣ ಹರಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಅದು ಕುದುರೆಯಿಂದ ನಮಗೂ ಅಂಟುತ್ತದೆ. ಕುದುರೆಗಳನ್ನು ನೋಡಿಕೊಳ್ಳುವ ನಮ್ಮ ಸೈಸ್ ಒಮ್ಮೆ ಕೇಳಿದ, "ನಿಮ್ಮ ಟವಲ್ ಪಕ್ಕದ ಮನೆಯವರಿಗೆ ಕೊಡ್ತೀರಾ ಮೇಡಂ?" ಬಾಯಿ ಮುಚ್ಚಿಕೊಂಡೆ.

ಅಂದಹಾಗೆ, ಬೆಂಗಳೂರಿನ ಚಳಿಗೆ ಹೆದರಿ ಸುಮ್ನೆ ರಗ್ ಹೊದಿಸುವವರೂ ಇದ್ದಾರೆ. ಗಟ್ಟಿಮುಟ್ಟಾದ, ಕೂದಲು ಕತ್ತರಿಸದ ಕುದುರೆಗೆ ಅದರ ಮೈಕೂದಲೇ ಸಾಕು. ಒಳಗೆ ಬೆವರಿ ಒದ್ದಾಡುವುದು ಅದು, ನೀವಲ್ಲ.

ನಾನು ಹಾಳು ಮಾಡಿದ ರಗ್ ಈಗಲೂ ಇದೆ. ಲಾಯದ ನಾಯಿ ಅದರ ಮೇಲೆ ಮಲಗುತ್ತದೆ. ಕಂಡೀಷನರ್ ವಾಸನೆ ಇನ್ನೂ ಹೋಗಿಲ್ಲ.