ಚುಕ್ಕಿ ಫ್ರಾಕಿನ ಮೂವರು

ಸ್ನೇಹಿತರೇ, ಮಾತಿಗೆ ಮೊದಲು ಈ ಮೇಜನ್ನು ಒಮ್ಮೆ ಬಡಿಯುತ್ತೇನೆ, ಕೇಳಿಸಿಕೊಳ್ಳಿ. ಧುಮ್, ಧುಧುಮ್, ಛಟ್. 1963ರಲ್ಲಿ ಅಮೆರಿಕದ ಹುಡುಗಿಯರ ಗಾಯನ ತಂಡ ರೋನೆಟ್ಸ್‌ನ ‘ಬಿ ಮೈ ಬೇಬಿ’ ಹಾಡಿಗೆ ಡ್ರಮ್ ವಾದಕ ಹ್ಯಾಲ್ ಬ್ಲೇನ್ ಬಾಗಿಲು ತೆರೆದದ್ದು ಈ ಪೆಟ್ಟುಗಳಿಂದ. ಆಮೇಲೆ ಅದೇ ಬಾಗಿಲಿನಿಂದ ಒಳಬಂದ ಹಾಡುಗಳಿಗೆ ಲೆಕ್ಕವಿಲ್ಲ. ಚುಕ್ಕಿ ಫ್ರಾಕಿನ ಪಿಪೆಟ್ಸ್ ತಂಡ ಬಂದದ್ದೂ ಅಲ್ಲಿಂದಲೇ. ಇಂದಿನ ಮಾತು ಅವರದು.

ಆ ನಾದ ಹುಟ್ಟಿದ್ದು ಲಾಸ್ ಏಂಜಲೀಸ್‌ನ ಗೋಲ್ಡ್ ಸ್ಟಾರ್ ಸ್ಟುಡಿಯೋದಲ್ಲಿ. ಅಲ್ಲಿ ಸಿಮೆಂಟ್ ಗಿಲಾವಿನ ಪುಟ್ಟ ಖಾಲಿ ಕೋಣೆಗಳಿದ್ದವು. ಧ್ವನಿಯನ್ನು ಸ್ಪೀಕರ್ ಮೂಲಕ ಆ ಕೋಣೆಗೆ ಬಿಟ್ಟು, ಗೋಡೆಗೆ ಬಡಿದು ಮರಳುವ ಮಾರ್ದನಿಯನ್ನು ಮೈಕಿನಲ್ಲಿ ಹಿಡಿದು ಹಾಡಿಗೆ ಬೆರೆಸುತ್ತಿದ್ದರು. ಹಲವು ಗಿಟಾರುಗಳು, ಹಲವು ಪಿಯಾನೊಗಳು ಒಟ್ಟಿಗೆ ಒಂದನ್ನೇ ನುಡಿಸುತ್ತಿದ್ದವು. ಬಿಡಿ ವಾದ್ಯ ಯಾವುದೂ ಕಿವಿಗೆ ಸಿಗದು. ನಾದದ ಗೋಡೆಯೇ ಎದ್ದುನಿಲ್ಲುತ್ತದೆ. ಇದರಿಂದ ಹಾಡಿನ ನಿರ್ಮಾಪಕ ಫಿಲ್ ಸ್ಪೆಕ್ಟರ್‌ಗೆ ದೊಡ್ಡ ಹೆಸರು ಬಂತು. ಹಾಡಿದ ಹುಡುಗಿಯರಿಗೆ? 1962ರಲ್ಲಿ ಸ್ಪೆಕ್ಟರ್ ನಿರ್ಮಿಸಿದ ‘ಹೀ ಈಸ್ ಎ ರೆಬೆಲ್’ ಹಾಡಿದವರು ಡಾರ್ಲೀನ್ ಲವ್. ಹಾಡಿನ ಗ್ರಾಮಫೋನ್ ತಟ್ಟೆಯ ಮೇಲೆ ಅಚ್ಚಾದದ್ದು ಕ್ರಿಸ್ಟಲ್ಸ್ ಎಂಬ ಬೇರೊಂದು ತಂಡದ ಹೆಸರು. ಆ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸುಮಾರು ನಲವತ್ತು ವರ್ಷಗಳ ಬಳಿಕ, 2003ರಲ್ಲಿ, ಇಂಗ್ಲೆಂಡಿನ ಕಡಲತೀರದ ಬ್ರೈಟನ್ ಊರಿನಲ್ಲಿ ಪಿಪೆಟ್ಸ್ ತಂಡ ಹುಟ್ಟಿತು. ಜೀನ್ಸ್ ತೊಟ್ಟ ಹುಡುಗರು ಗಿಟಾರ್ ಹಿಡಿದು ನಿಲ್ಲುತ್ತಿದ್ದ ಕಾಲವದು. ಇವರಿಗೆ ಬೀಟಲ್ಸ್‌ಗೂ ಹಿಂದಿನ ಪಾಪ್ ಬೇಕಿತ್ತು. ದೊಡ್ಡ ದೊಡ್ಡ ಚುಕ್ಕಿಗಳ ಫ್ರಾಕು ತೊಟ್ಟ ಮೂವರು ಹುಡುಗಿಯರು ಮುಂದೆ, ಕ್ಯಾಸೆಟ್ಸ್ ಎಂಬ ಹೆಸರಿನ ಗಂಡಸರ ವಾದ್ಯಮೇಳ ಹಿಂದೆ. ಮೂವರ ಕೈಗಳೂ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಇಳಿಯುತ್ತವೆ. ಇವರಲ್ಲಿ ಮುಖ್ಯ ಗಾಯಕಿ ಎಂಬವಳಿಲ್ಲ. ಒಬ್ಬಳು ಬಿಟ್ಟ ಸಾಲನ್ನು ಇನ್ನೊಬ್ಬಳು ಎತ್ತಿಕೊಳ್ಳುತ್ತಾಳೆ.

ತಂಡ ಕಟ್ಟುವ ಯೋಚನೆ ಮಾನ್‌ಸ್ಟರ್ ಬಾಬಿ ಎಂಬ ಗಿಟಾರ್ ವಾದಕನದು. ಅದನ್ನು ಮುಚ್ಚಿಡಬೇಕಿಲ್ಲ. ಆದರೆ 2006ರಲ್ಲಿ ಬಂದ ಅವರ ಮೊದಲ ಆಲ್ಬಮ್ ಕೇಳಿ. ಅರವತ್ತರ ದಶಕದ ಹಾಡುಗಳಲ್ಲಿ ಹುಡುಗಿ ಬಹುಪಾಲು ಫೋನಿಗೆ, ಉಂಗುರಕ್ಕೆ, ಅವನಿಗೆ ಕಾಯುತ್ತಾಳೆ. ಇಲ್ಲಿ ಒಂದು ಹಾಡಿನ ಹೆಸರೇ ‘ನಿನ್ನ ಮುತ್ತುಗಳೆಲ್ಲ ನನಗೆ ದಂಡ’ ಎಂದು. ಅದೇ ತಾಳ, ಅದೇ ಚಪ್ಪಾಳೆ, ಅದೇ ಪಿಟೀಲುಗಳ ಅಲೆ. ಕಾಯುವ ಸರದಿ ಮಾತ್ರ ಈಗ ಅವನದು. ಹಳೆಯ ಧಾಟಿಯನ್ನು ನಕಲು ಮಾಡಿದರು ಎಂದು ಯಾರಾದರೂ ಹಗುರವಾಗಿ ಹೇಳಿದರೆ ನಾನು ಒಪ್ಪುವುದಿಲ್ಲ.

ತಂಡ ಬಹುಕಾಲ ಹಾಗೆಯೇ ಉಳಿಯಲಿಲ್ಲ. 2008ರಲ್ಲಿ ರೋಸ್ ಮತ್ತು ಬೆಕಿ ಹೊರನಡೆದರು. ಮೂರನೆಯವರಾದ ಗ್ವೆನ್ನೊ ಸಾಂಡರ್ಸ್ ಮುಂದೆ ಹಿಡಿದ ದಾರಿ ನನ್ನನ್ನು ಬಹಳ ತಟ್ಟಿದೆ. ವೇಲ್ಸ್‌ನ ಕಾರ್ಡಿಫ್‌ನಲ್ಲಿ ಬೆಳೆದ ಅವರು ಮೊದಲು ವೆಲ್ಷ್ ಭಾಷೆಯಲ್ಲಿ ಹಾಡಿದರು. 2018ರಲ್ಲಿ ‘ಲೆ ಕೊವ್’ ಎಂಬ ಇಡೀ ಆಲ್ಬಮನ್ನು ಇಂಗ್ಲೆಂಡಿನ ನೈರುತ್ಯ ಮೂಲೆಯ ಕಾರ್ನ್‌ವಾಲ್‌ನ ಕಾರ್ನಿಷ್ ಭಾಷೆಯಲ್ಲೇ ತಂದರು. ಹದಿನೆಂಟನೆಯ ಶತಮಾನದ ಹೊತ್ತಿಗೆ ಮನೆಗಳಲ್ಲಿ ಆಡುವವರಿಲ್ಲದೆ ನಂದುತ್ತಾ ಬಂದು, ಇಪ್ಪತ್ತನೆಯ ಶತಮಾನದಲ್ಲಿ ಪುಸ್ತಕಗಳಿಂದ ಮತ್ತೆ ನಾಲಗೆಗೆ ಬಂದ ಭಾಷೆ ಅದು. ಗ್ವೆನ್ನೊ ಅವರ ತಂದೆ ಆ ಭಾಷೆಯ ಕವಿ. ಮಗಳಿಗೆ ಅದು ಮನೆಯ ಮಾತು. ಚುಕ್ಕಿ ಫ್ರಾಕು ತೊಟ್ಟು ಹಳೆಯ ನಾದವನ್ನು ಎಬ್ಬಿಸಿದ ಕಂಠವೇ ಈಗ ಆ ಮಾತನ್ನು ಹಾಡುತ್ತಿದೆ.

ಈಗ ಮೂರು ಹಾಡುಗಳನ್ನು ಕೇಳಿಸುತ್ತೇನೆ. ಮೊದಲನೆಯದು ಡಾರ್ಲೀನ್ ಲವ್ ಹಾಡಿದ್ದು. ತಟ್ಟೆಯ ಮೇಲೆ ಏನೇ ಇರಲಿ, ನಾನು ಆ ಹೆಸರನ್ನೇ ಹೇಳುತ್ತೇನೆ.